ಮಿದುಳು ಮತ್ತು ನ್ಯೂರಲ್ ನೆಟ್‌ವರ್ಕ್: ನಮ್ಮ ಕಡೆ ಪದೇ ಪದೇ ಕೇಳುವ ಪ್ರಶ್ನೆಗಳು

ಸಿಂಧನೂರು, ಮಾನ್ವಿ ಕಡೆಯ ಶಾಲೆಗಳಲ್ಲಿ, ಹಳ್ಳಿಯ ಗ್ರಂಥಾಲಯಗಳಲ್ಲಿ ನಾನು ಕಂಪ್ಯೂಟರ್ ಪಾಠ ಹೇಳುತ್ತೇನೆ. ಈಚೆಗೆ ಎಲ್ಲಿ ಹೋದರೂ ಎಐ, ಅಂದರೆ ಕೃತಕ ಬುದ್ಧಿಮತ್ತೆ, ಅದರ ಬಗ್ಗೆಯೇ ಪ್ರಶ್ನೆ. ಕೇಳುವವರು ಮಕ್ಕಳಷ್ಟೇ ಅಲ್ಲ. ಮಕ್ಕಳನ್ನು ಕರೆದುಕೊಂಡು ಹೋಗಲು ಬಂದ ಅಪ್ಪಂದಿರು ಕೇಳುತ್ತಾರೆ, ಆಶಾ ಕಾರ್ಯಕರ್ತೆಯರು ಕೇಳುತ್ತಾರೆ, ಮಾರುಕಟ್ಟೆಗೆ ಭತ್ತ ತಂದ ಅಣ್ಣಂದಿರು ಕೇಳುತ್ತಾರೆ. ಎಲ್ಲರ ಪ್ರಶ್ನೆಯ ಒಳಗೆ ಒಂದೇ ಕುತೂಹಲ: ಯಂತ್ರದೊಳಗೆ ನಮ್ಮ ಹಾಗೇ ಒಂದು ಮಿದುಳು ಕೂತಿದೆಯಾ? ಜಾಸ್ತಿ ಸಲ ಬಂದ ಪ್ರಶ್ನೆಗಳನ್ನು, ಕೇಳಿದ ಮಾತಲ್ಲೇ, ಇಲ್ಲಿ ಬರೆದಿದ್ದೇನೆ.

ನ್ಯೂರಲ್ ನೆಟ್‌ವರ್ಕ್ ಅಂದರೆ ಏನು? ಸುತ್ತಿ ಬಳಸದೆ ಹೇಳಿ.

ಈಗಿನ ಬಹುಪಾಲು ಎಐ ಒಳಗೆ ಓಡುವುದು ಇದೇ. ಅದು ಒಂದು ದೊಡ್ಡ ಲೆಕ್ಕ. ಒಂದು ಕಡೆಯಿಂದ ಅಂಕಿಗಳು ಒಳಗೆ ಹೋಗುತ್ತವೆ, ಇನ್ನೊಂದು ಕಡೆಯಿಂದ ಅಂಕಿಗಳು ಹೊರಗೆ ಬರುತ್ತವೆ. ನಡುವೆ ಸಾವಿರಾರು, ಕೋಟ್ಯಂತರ ಚಿಕ್ಕ ಚಿಕ್ಕ ಗುಣಾಕಾರ ಮತ್ತು ಕೂಡಿಸುವ ಕೆಲಸ ನಡೆಯುತ್ತದೆ. ಫೋಟೋ ಆಗಲಿ, ದನಿ ಆಗಲಿ, ಕನ್ನಡದ ವಾಕ್ಯ ಆಗಲಿ, ಮೊದಲು ಅಂಕಿಯಾಗಿಯೇ ಒಳಗೆ ಹೋಗಬೇಕು.

ಬೇರೆ ಲೆಕ್ಕಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇಷ್ಟೇ. ಬಡ್ಡಿ ಲೆಕ್ಕದ ಸೂತ್ರವನ್ನು ಮನುಷ್ಯ ಬರೆದುಕೊಡುತ್ತಾನೆ. ನ್ಯೂರಲ್ ನೆಟ್‌ವರ್ಕಲ್ಲಿ ಯಾವ ಅಂಕಿಗೆ ಎಷ್ಟು ಬೆಲೆ ಅನ್ನುವುದನ್ನು ಯಾರೂ ಬರೆದುಕೊಡುವುದಿಲ್ಲ. ಉದಾಹರಣೆಗಳನ್ನು ತೋರಿಸಿ, ತಪ್ಪಿದಾಗ ತಿದ್ದಿ, ಆ ಬೆಲೆಗಳು ತಾವಾಗಿ ಕೂರುವ ಹಾಗೆ ಮಾಡುತ್ತೇವೆ.

ಹಾಗಾದರೆ ಅದರೊಳಗೆ ನರ, ರಕ್ತ ಏನೂ ಇಲ್ವಾ?

ಇಲ್ಲ. ಬಹುಪಾಲು ನೆಟ್‌ವರ್ಕ್‌ಗಳು ಮಾಮೂಲಿ ಕಂಪ್ಯೂಟರ್ ಚಿಪ್ ಮೇಲೆ ಓಡುವ ಪ್ರೋಗ್ರಾಂಗಳು. ನಿಮ್ಮ ಫೋನಲ್ಲಿ ಮುಖ ನೋಡಿ ಲಾಕ್ ತೆಗೆಯುವುದೂ ಅಂಥದ್ದೇ ಒಂದು.

ಒಂದೇ ಒಂದು ಕೃತಕ ನರಕೋಶ ಏನು ಮಾಡುತ್ತೆ? ನಮಗೆ ಗೊತ್ತಿರುವ ಉದಾಹರಣೆ ಕೊಡಿ.

ಎಪಿಎಂಸಿಯಲ್ಲಿ ಭತ್ತ ನೋಡುವ ಖರೀದಿದಾರರನ್ನು ನೆನೆಸಿಕೊಳ್ಳಿ. ಚೀಲದಿಂದ ಒಂದು ಹಿಡಿ ಭತ್ತ ತೆಗೆಯುತ್ತಾರೆ. ಎರಡು ಕಾಳು ಹಲ್ಲಲ್ಲಿ ಕಡಿದು ಒಣಗಿದೆಯಾ ನೋಡುತ್ತಾರೆ. ಅಂಗೈಯಲ್ಲಿ ತಿಕ್ಕಿ ಊದಿ ಜೊಳ್ಳು ಎಷ್ಟು ಹಾರಿತು ಅಂತ ನೋಡುತ್ತಾರೆ. ಬಣ್ಣ ನೋಡುತ್ತಾರೆ. ಆಮೇಲೆ ಕೊಳ್ಳುವುದೋ ಬಿಡುವುದೋ ಹೇಳುತ್ತಾರೆ. ಮೂರೂ ಗುಣ ಅವರಿಗೆ ಸಮ ಅಲ್ಲ. ಒಣಗಿರುವುದೇ ದೊಡ್ಡ ವಿಷಯ. ಸರಕಾರದ ಖರೀದಿ ಕೇಂದ್ರದಲ್ಲೂ ತೇವಾಂಶ 17 ಪರ್ಸೆಂಟ್ ದಾಟಬಾರದು ಅಂತ ನಿಯಮ ಇದೆ, ಅಲ್ವಾ.

ಈಗ ಇದನ್ನೇ ಲೆಕ್ಕ ಮಾಡೋಣ. ಪ್ರತಿ ಗುಣಕ್ಕೂ 0ಯಿಂದ 1ರ ಒಳಗೆ ಒಂದು ಅಂಕ ಕೊಡಿ. ಪ್ರತಿ ಗುಣಕ್ಕೂ ಒಂದು ‘ತೂಕ’ ಇಡಿ: ಒಣಗಿರುವುದಕ್ಕೆ 5, ಕಾಳು ತುಂಬಿರುವುದಕ್ಕೆ 3, ಬಣ್ಣಕ್ಕೆ 1. ಒಟ್ಟು 6 ದಾಟಿದರೆ ಕೊಳ್ಳುವುದು, ಇಲ್ಲದಿದ್ದರೆ ಬಿಡುವುದು. ಒಂದು ಚೀಲಕ್ಕೆ ಒಣಗಿರುವುದು 0.9, ತುಂಬಿರುವುದು 0.6, ಬಣ್ಣ 0.4 ಅಂತ ಬಂತು ಅನ್ನಿ. 4.5, 1.8 ಮತ್ತು 0.4 ಕೂಡಿಸಿದರೆ 6.7. ಕೊಳ್ಳಬಹುದು. ರಾತ್ರಿ ಮಳೆ ಬಿದ್ದು ಅದೇ ಭತ್ತದ ಒಣಗಿರುವ ಅಂಕ 0.5ಕ್ಕೆ ಇಳಿದರೆ ಒಟ್ಟು 4.7. ಬೇಡ.

ಕೃತಕ ನರಕೋಶ ಅಂದರೆ ಇಷ್ಟೇ. ಬಂದ ಅಂಕಿಗಳನ್ನು ತೂಕದಿಂದ ಗುಣಿಸು, ಕೂಡಿಸು, ಒಂದು ಮಟ್ಟ ದಾಟಿತಾ ನೋಡು, ಉತ್ತರವನ್ನು ಮುಂದಿನವರಿಗೆ ಕಳಿಸು.

ನಿಜವಾದ ನರಕೋಶವೂ ಹೀಗೇನಾ?

ಒಂದು ಮಟ್ಟಿಗೆ ಹೌದು. ನರಕೋಶಕ್ಕೆ ಮರದ ಕೊಂಬೆಯ ಹಾಗೆ ಕವಲುಗಳಿರುತ್ತವೆ. ಅವು ಬೇರೆ ನರಕೋಶಗಳಿಂದ ಸುದ್ದಿ ತೆಗೆದುಕೊಳ್ಳುತ್ತವೆ. ಸುದ್ದಿ ಕಳಿಸಲು ಒಂದು ಉದ್ದನೆಯ ಎಳೆ ಇರುತ್ತದೆ. ಬಂದ ಸುದ್ದಿಯೆಲ್ಲ ಸೇರಿ ಒಂದು ಮಟ್ಟ ದಾಟಿದರೆ ಆ ಎಳೆಯಲ್ಲಿ ಒಂದು ಮಿಡಿತ ಹೊರಡುತ್ತದೆ. ಎರಡು ನರಕೋಶಗಳು ಸೇರುವ ಜಾಗಕ್ಕೆ ಸಿನಾಪ್ಸ್ ಅನ್ನುತ್ತಾರೆ. ಹೆಚ್ಚಿನ ಕಡೆ ಅಲ್ಲಿ ಒಂದು ತೀರ ಸಣ್ಣ ಸಂದು ಇರುತ್ತದೆ, ಸುದ್ದಿ ಅದನ್ನು ರಾಸಾಯನಿಕದ ರೂಪದಲ್ಲಿ ದಾಟುತ್ತದೆ. ಕೆಲವು ಸಿನಾಪ್ಸ್ ಮುಂದಿನ ನರಕೋಶವನ್ನು ‘ನಡಿ’ ಅನ್ನುತ್ತವೆ, ಕೆಲವು ‘ತಡಿ’ ಅನ್ನುತ್ತವೆ. ಕೃತಕ ನರಕೋಶದಲ್ಲಿ ಈ ತಡೆಯುವ ಕೆಲಸವನ್ನು ಮೈನಸ್ ತೂಕ ಮಾಡುತ್ತದೆ.

ಹೋಲಿಕೆ ಅಲ್ಲಿಗೆ ಮುಗಿಯುತ್ತದೆ. ನಿಜವಾದ ನರಕೋಶ ಒಂದು ಜೀವ. ಅದು ಉಣ್ಣುತ್ತದೆ, ಹೊಸ ಕವಲು ಬೆಳೆಸುತ್ತದೆ, ಬೇಡದ ಜೋಡಣೆ ಕಳಚುತ್ತದೆ. ಮಿಡಿತ ಯಾವ ಕ್ಷಣ ಬಂತು ಅನ್ನುವುದೂ ಅದಕ್ಕೆ ಮುಖ್ಯ. ನಿದ್ದೆ, ಹಸಿವು, ಹೆದರಿಕೆ ಎಲ್ಲವೂ ಅದರ ಕೆಲಸವನ್ನು ಬದಲಿಸುತ್ತವೆ. ಸುತ್ತ ಗ್ಲಯಾ ಅನ್ನುವ ಬೇರೆ ಕೋಶಗಳು ಅದನ್ನು ಸಾಕುತ್ತವೆ. ಒಂದು ನರಕೋಶವನ್ನು ಮೂರು ತೂಕ, ಒಂದು ಮೊತ್ತ ಅಂತ ಬರೆಯುವುದು ಒಂದು ಎತ್ತನ್ನು ‘ನಾಲ್ಕು ಕಾಲು, ಎರಡು ಕೊಂಬು’ ಅಂತ ಬರೆದ ಹಾಗೆ. ಸುಳ್ಳಲ್ಲ, ಆದರೆ ಎತ್ತು ಅಷ್ಟೇ ಅಲ್ಲ.

ಈ ವಿಚಾರ ಶುರುವಾಗಿದ್ದು ಯಾವಾಗ? ಎಲ್ಲಾ ಮೊನ್ನೆ ಮೊನ್ನೆ ಬಂದದ್ದಾ?

ಅಲ್ಲ, ನಮ್ಮ ತುಂಗಭದ್ರಾ ಡ್ಯಾಂಗಿಂತ ಹಳೆಯದು. ನರಕೋಶವನ್ನು ಒಂದು ಸರಳ ಲೆಕ್ಕವಾಗಿ ಬರೆಯಬಹುದು ಅಂತ ಅಮೆರಿಕದಲ್ಲಿ ವಾರೆನ್ ಮೆಕಲಕ್ ಮತ್ತು ವಾಲ್ಟರ್ ಪಿಟ್ಸ್ ತೋರಿಸಿದ್ದು 1943ರಲ್ಲಿ. ಆಮೇಲೆ 1958ರಲ್ಲಿ ಫ್ರಾಂಕ್ ರೋಸೆನ್‌ಬ್ಲಾಟ್ ಪರ್ಸೆಪ್ಟ್ರಾನ್ ಅನ್ನುವ ಕಲಿಯುವ ಲೆಕ್ಕವನ್ನು ಪ್ರಕಟಿಸಿದರು. ಅದಕ್ಕಾಗಿ ಕಟ್ಟಿದ ಯಂತ್ರದಲ್ಲಿ ಬೆಳಕು ಹಿಡಿಯುವ 400 ಕಣ್ಣುಗಳಿದ್ದವು. ತೂಕಗಳು ರೇಡಿಯೋದ ವಾಲ್ಯೂಮ್ ತಿರುವುವ ಗುಂಡಿಯಂಥ ಗುಂಡಿಗಳು. ತಪ್ಪು ಮಾಡಿದಾಗ ಪುಟ್ಟ ಮೋಟರ್‌ಗಳು ಆ ಗುಂಡಿಗಳನ್ನು ತಿರುಗಿಸುತ್ತಿದ್ದವು. ಕಲಿಯುವುದು ಕಣ್ಣಿಗೆ ಕಾಣುತ್ತಿತ್ತು, ಕಿವಿಗೆ ಕೇಳುತ್ತಿತ್ತು. ಮಕ್ಕಳಿಗೆ ಈ ಯಂತ್ರದ ಕತೆ ಹೇಳಿದ ದಿನ ಪಾಠ ಅರ್ಧ ಮುಗಿದ ಹಾಗೇ.

ಆಮೇಲೆ ಹಿನ್ನಡೆ ಆಯಿತು. ಒಂದೇ ಪದರದ ಪರ್ಸೆಪ್ಟ್ರಾನ್ ಕೆಲವು ಸುಲಭದ ಕೆಲಸವನ್ನೂ ಮಾಡಲಾರದು ಅಂತ 1969ರಲ್ಲಿ ಮಾರ್ವಿನ್ ಮಿನ್ಸ್ಕಿ ಮತ್ತು ಸೈಮರ್ ಪ್ಯಾಪರ್ಟ್ ಲೆಕ್ಕ ಸಮೇತ ತೋರಿಸಿದರು. ಬಹಳ ಜನ ಈ ದಾರಿ ಬಿಟ್ಟರು. ಬಿಡದೆ ಹಿಡಿದುಕೊಂಡ ಕೆಲವರಿಂದ, ಆಮೇಲೆ ಬಂದು ಸೇರಿದ ಕೆಲವರಿಂದ ಇದು ಇಲ್ಲಿಯವರೆಗೆ ಬಂತು. ಅವರಲ್ಲಿ ಇಬ್ಬರಿಗೆ, ಜಾನ್ ಹಾಪ್‌ಫೀಲ್ಡ್ ಮತ್ತು ಜೆಫ್ರಿ ಹಿಂಟನ್ ಅವರಿಗೆ, 2024ರಲ್ಲಿ ಭೌತವಿಜ್ಞಾನದ ನೊಬೆಲ್ ಸಿಕ್ಕಿತು.

ಆ ‘ಮಾಡಲಾರದ ಸುಲಭದ ಕೆಲಸ’ ಯಾವುದು? ಪದರ ಅಂದರೇನು?

ಮಹಡಿ ಮೆಟ್ಟಿಲಿನ ದೀಪ ನೋಡಿದ್ದೀರಲ್ಲ. ಕೆಳಗೊಂದು ಸ್ವಿಚ್, ಮೇಲೊಂದು ಸ್ವಿಚ್. ಎರಡರಲ್ಲಿ ಒಂದು ಮಾತ್ರ ಒತ್ತಿದ್ದರೆ ದೀಪ ಉರಿಯುತ್ತದೆ. ಎರಡೂ ಒತ್ತಿದ್ದರೆ ಇಲ್ಲ, ಎರಡೂ ಬಿಟ್ಟಿದ್ದರೂ ಇಲ್ಲ. ಈ ದೀಪ ಉರಿಯುತ್ತದಾ ಇಲ್ವಾ ಅಂತ ಒಂದೇ ಕೃತಕ ನರಕೋಶದಿಂದ ಹೇಳಿಸಿ ನೋಡಿ. ಆಗುವುದೇ ಇಲ್ಲ. ಒಂದೊಂದು ಸ್ವಿಚ್ಚೂ ಒಂಟಿಯಾಗಿ ಮಟ್ಟ ದಾಟಿಸಬೇಕು, ಆದರೆ ಎರಡೂ ಸೇರಿದಾಗ ಮಟ್ಟ ದಾಟಬಾರದು. ಕೂಡಿಸುವ ಲೆಕ್ಕದಲ್ಲಿ ಇದು ಹೊಂದುವುದಿಲ್ಲ.

ಮೂರು ನರಕೋಶ ಇಟ್ಟರೆ ಆಗುತ್ತದೆ. ಒಂದು ‘ಯಾವುದಾದರೂ ಒತ್ತಿದೆಯಾ’ ಅಂತ ನೋಡಲಿ. ಇನ್ನೊಂದು ‘ಎರಡೂ ಒತ್ತಿದೆಯಾ’ ಅಂತ ನೋಡಲಿ. ಮೂರನೆಯದು ಮೊದಲನೆಯದರ ಮಾತು ಕೇಳಲಿ, ಎರಡನೆಯದು ಹೌದು ಅಂದರೆ ತಡೆಯಲಿ. ಮೊದಲಿನ ಎರಡು ಒಂದು ಪದರ, ಮೂರನೆಯದು ಅದರ ಮೇಲಿನ ಪದರ. ಇಂಥ ಪದರಗಳು ಬಹಳ ಇದ್ದರೆ ಅದಕ್ಕೆ ಡೀಪ್ ಲರ್ನಿಂಗ್ ಅನ್ನುತ್ತಾರೆ. ಡೀಪ್ ಅನ್ನುವುದು ಪದರಗಳ ಆಳಕ್ಕೆ ಇಟ್ಟ ಮಾತು, ಯೋಚನೆಯ ಆಳಕ್ಕೆ ಅಲ್ಲ.

ಕಲಿಯುತ್ತದೆ ಅಂತೀರಿ. ಕಲಿಯುವುದು ಅಂದರೆ ಒಳಗೆ ಏನಾಗುತ್ತದೆ?

ಇದೇ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ. ನಿಧಾನವಾಗಿ ಹೇಳುತ್ತೇನೆ.

ಮುನಿರಾಬಾದಿನಿಂದ ಹೊರಡುವ ನಮ್ಮ ತುಂಗಭದ್ರಾ ಎಡದಂಡೆ ಕಾಲುವೆ ನೋಡಿ. 227 ಕಿಲೋಮೀಟರ್ ಉದ್ದ. ಮುಖ್ಯ ಕಾಲುವೆಯಿಂದ ಉಪಕಾಲುವೆ, ಅದರಿಂದ ಹೊಲಗಾಲುವೆ. ಕವಲು ಒಡೆಯುವ ಕಡೆಯೆಲ್ಲ ಒಂದು ಗೇಟು ಅಥವಾ ತೂಬು. ಯಾವ ತೂಬು ಎಷ್ಟು ತೆರೆದಿದೆ ಅನ್ನುವುದರ ಮೇಲೆ ಕೊನೆಯಲ್ಲಿ ಎಷ್ಟು ನೀರು ಬರುತ್ತದೆ ಅನ್ನುವುದು ನಿಂತಿದೆ. ನೆಟ್‌ವರ್ಕಿನ ತೂಕಗಳು ಈ ತೂಬುಗಳ ಹಾಗೆ. ಬರುವ ಅಂಕಿಗಳು ನೀರಿನ ಹಾಗೆ.

ಹೊಸ ನೆಟ್‌ವರ್ಕ್ ಕಟ್ಟಿದಾಗ ತೂಬುಗಳನ್ನು ಮನಸ್ಸಿಗೆ ಬಂದ ಹಾಗೆ ತೆರೆದಿಟ್ಟಿರುತ್ತಾರೆ. ಮೊದಲ ಉತ್ತರ ತಪ್ಪೇ ಬರುತ್ತದೆ. ಆಗ ಕೊನೆಯಲ್ಲಿ ಗೇಜ್, ಅಂದರೆ ನೀರಿನ ಮಟ್ಟ ತೋರಿಸುವ ಅಳತೆ, ನೋಡುತ್ತಾರೆ. ಬರಬೇಕಾದ ಉತ್ತರಕ್ಕೂ ಬಂದ ಉತ್ತರಕ್ಕೂ ಎಷ್ಟು ವ್ಯತ್ಯಾಸ? ನಮ್ಮಲ್ಲಿ ಗೇಜ್ ಕಡಿಮೆಯಾದರೆ ಕೊನೆ ಭಾಗದ ರೈತರು ದೂರು ಒಯ್ಯುತ್ತಾರೆ. ಆ ದೂರು ಕೆಳಗಿನಿಂದ ಮೇಲಕ್ಕೆ ಹೋಗುತ್ತದೆ. ಹೊಲಗಾಲುವೆಯವರು ಉಪಕಾಲುವೆಯ ಕಡೆ ಕೈ ತೋರುತ್ತಾರೆ, ಉಪಕಾಲುವೆಯವರು ಮುಖ್ಯ ಕಾಲುವೆಯ ಕಡೆ. ನೆಟ್‌ವರ್ಕಲ್ಲೂ ದೂರು ಹೀಗೇ ಹಿಂದಕ್ಕೆ ಹೋಗುತ್ತದೆ. ಆದರೆ ಅಲ್ಲಿ ಪ್ರತಿ ತೂಬಿನ ಪಾಲಿನ ತಪ್ಪು ಎಷ್ಟು ಅಂತ ಕರಾರುವಾಕ್ಕಾಗಿ ಲೆಕ್ಕ ಸಿಗುತ್ತದೆ. ‘ಈ ಒಂದು ತೂಬನ್ನು ಕೂದಲೆಳೆಯಷ್ಟು ತಿರುಗಿಸಿದರೆ ಕೊನೆಯ ಗೇಜ್ ಎಷ್ಟು ಬದಲಾಗುತ್ತದೆ?’ ಇದೇ ಪ್ರಶ್ನೆಯನ್ನು ಪ್ರತಿ ತೂಬಿಗೂ ಕೇಳಿ, ತಪ್ಪು ಕಡಿಮೆಯಾಗುವ ದಿಕ್ಕಿಗೆ ಪ್ರತಿಯೊಂದನ್ನೂ ತುಸು ತುಸು ತಿರುಗಿಸುತ್ತಾರೆ. ಇದಕ್ಕೆ ಬ್ಯಾಕ್‌ಪ್ರೊಪಗೇಶನ್ ಅಂತ ಹೆಸರು. ಡೇವಿಡ್ ರುಮೆಲ್‌ಹಾರ್ಟ್, ಹಿಂಟನ್, ರೊನಾಲ್ಡ್ ವಿಲಿಯಮ್ಸ್ 1986ರಲ್ಲಿ ಬರೆದ ಲೇಖನದಿಂದ ಇದು ಎಲ್ಲ ಕಡೆ ಹಬ್ಬಿತು.

ತುಸು ತುಸುವೇ ಯಾಕೆ? ಒಮ್ಮೆಲೇ ಜೋರಾಗಿ ತಿರುಗಿಸಿದರೆ ಮಾನ್ವಿಗೆ ನೀರು ಬರಬಹುದು, ಗಂಗಾವತಿಯಲ್ಲಿ ಕಾಲುವೆ ಒಡೆಯಬಹುದು. ಒಂದು ಉದಾಹರಣೆಗೆ ಸರಿಯಾದದ್ದು ಇನ್ನೊಂದಕ್ಕೆ ಕೆಡಬಾರದು. ಅದಕ್ಕೇ ಸಾವಿರ, ಲಕ್ಷ, ಕೋಟಿ ಉದಾಹರಣೆ ತೋರಿಸಿ ಪ್ರತಿ ಸಲ ಕೂದಲೆಳೆಯಷ್ಟೇ ತಿದ್ದುತ್ತಾರೆ.

ಈ ಹೋಲಿಕೆ ಎರಡು ಕಡೆ ತಪ್ಪುತ್ತದೆ, ಅದನ್ನೂ ಹೇಳಬೇಕು. ನೀರನ್ನು ಒಬ್ಬರಿಗೆ ಕೊಟ್ಟರೆ ಇನ್ನೊಬ್ಬರಿಗೆ ಕಡಿಮೆಯಾಗುತ್ತದೆ. ಅಂಕಿ ಹಾಗಲ್ಲ, ಒಂದೇ ಅಂಕಿ ಹತ್ತು ಕಡೆ ಪೂರ್ತಿಯಾಗಿ ಹೋಗಬಹುದು. ಇನ್ನೊಂದು, ತೂಬು ಮುಚ್ಚಬಹುದು, ತೆರೆಯಬಹುದು. ತೂಕ ಮೈನಸ್ ಕೂಡ ಆಗಬಹುದು. ನೀರನ್ನು ಹಿಂದಕ್ಕೆ ಎಳೆಯುವ ತೂಬು ಯಾವ ಕಾಲುವೆಯಲ್ಲೂ ಇಲ್ಲ.

ಮಿದುಳು ಕೂಡ ಹೀಗೇ ಕಲಿಯುತ್ತದಾ?

ತೂಬು ಬದಲಾಗುತ್ತದೆ ಅನ್ನುವವರೆಗೆ ಹೌದು. ಕಲಿತಾಗ ಸಿನಾಪ್ಸ್‌ಗಳು ಗಟ್ಟಿಯಾಗುತ್ತವೆ ಅಥವಾ ಸಡಿಲವಾಗುತ್ತವೆ. ಎರಡು ನರಕೋಶಗಳು ಜೊತೆಜೊತೆಯಾಗಿ ಮಿಡಿದರೆ ಅವುಗಳ ನಡುವಿನ ಸಂಬಂಧ ಬಲಿಯುತ್ತದೆ ಅನ್ನುವ ವಿಚಾರವನ್ನು ಕೆನಡಾದ ಡೊನಾಲ್ಡ್ ಹೆಬ್ 1949ರಲ್ಲಿ ಮುಂದಿಟ್ಟರು. ದಿನಾ ಓಡಾಡಿದ ಕಾಲುದಾರಿ ಸವೆದು ಹಸನಾಗುವ ಹಾಗೆ.

ಆದರೆ ಕೊನೆಯ ಗೇಜಿನ ತಪ್ಪನ್ನು ಅದೇ ದಾರಿಯಲ್ಲಿ ಹಿಂದಕ್ಕೆ ಕಳಿಸಿ ಪ್ರತಿ ಸಿನಾಪ್ಸಿಗೂ ಪಾಲು ಹಂಚುವ ವ್ಯವಸ್ಥೆ ಮಿದುಳಲ್ಲಿ ಕಂಡುಬಂದಿಲ್ಲ. ನರಕೋಶದ ಎಳೆಯಲ್ಲಿ ಸುದ್ದಿ ಸಾಮಾನ್ಯವಾಗಿ ಒಂದೇ ದಿಕ್ಕಿಗೆ ಹೋಗುತ್ತದೆ. ಡಿಎನ್‌ಎ ರಚನೆ ಕಂಡುಹಿಡಿದವರಲ್ಲಿ ಒಬ್ಬರಾದ ಫ್ರಾನ್ಸಿಸ್ ಕ್ರಿಕ್ 1989ರಲ್ಲೇ ಈ ಆಕ್ಷೇಪ ಎತ್ತಿದ್ದರು. ಆದ್ದರಿಂದ ‘ಎಐ ಮಿದುಳಿನ ಹಾಗೇ ಕಲಿಯುತ್ತದೆ’ ಅಂತ ಯಾರಾದರೂ ಅಂದರೆ ಒಪ್ಪಬೇಡಿ. ಮಿದುಳಿನಿಂದ ಸ್ಫೂರ್ತಿ ಪಡೆದಿದೆ ಅಂದರೆ ಒಪ್ಪಿ.

ಫೋಟೋ ನೋಡಿ ಇದು ದನ, ಇದು ಎಮ್ಮೆ ಅಂತ ಹೇಗೆ ಹೇಳುತ್ತದೆ?

ಇಲ್ಲಿ ಮಿದುಳಿನಿಂದ ಪಡೆದ ಸಾಲ ದೊಡ್ಡದಿದೆ. ಡೇವಿಡ್ ಹ್ಯೂಬೆಲ್ ಮತ್ತು ಟಾರ್‌ಸ್ಟನ್ ವೀಸಲ್ ಬೆಕ್ಕಿನ ಮಿದುಳಲ್ಲಿ ಕಣ್ಣಿನ ಸುದ್ದಿ ಸೇರುವ ಜಾಗವನ್ನು ಪರೀಕ್ಷೆ ಮಾಡುತ್ತಿದ್ದರು. 1950ರ ದಶಕದ ಕೊನೆ. ಚುಕ್ಕೆಗಳನ್ನು ತೋರಿಸಿದರೆ ನರಕೋಶ ಅಲ್ಲಾಡಲಿಲ್ಲ. ಗಾಜಿನ ಸ್ಲೈಡ್ ಬದಲಿಸುವಾಗ ಅದರ ಅಂಚಿನ ನೆರಳು ಸರಿದು ಹೋಯಿತು. ಆಗ ನರಕೋಶ ಒಂದೇ ಸಮನೆ ಮಿಡಿಯತೊಡಗಿತು. ಅದು ಕಾಯುತ್ತಿದ್ದದ್ದು ಚುಕ್ಕೆಗಲ್ಲ, ಒಂದು ಓರೆಯಲ್ಲಿ ಸರಿಯುವ ಗೆರೆಗೆ. ಈ ಕೆಲಸಕ್ಕೆ 1981ರಲ್ಲಿ ನೊಬೆಲ್ ಬಂತು.

ಇದನ್ನು ನೋಡಿ ಜಪಾನಿನ ಕುನಿಹಿಕೊ ಫುಕುಶಿಮಾ 1980ರಲ್ಲಿ ಪದರ ಪದರವಾಗಿ ನೋಡುವ ಒಂದು ನೆಟ್‌ವರ್ಕ್ ಮಾಡಿದರು. ಕೆಳಗಿನ ಪದರ ಗೆರೆ ನೋಡುತ್ತದೆ, ಅದರ ಮೇಲಿನದು ಗೆರೆಗಳು ಸೇರುವ ಮೂಲೆ, ಬಾಗು ನೋಡುತ್ತದೆ, ಇನ್ನೂ ಮೇಲಿನದು ಕಿವಿ, ಕೊಂಬು. ಯಾನ್ ಲೆಕನ್ ಮತ್ತು ಜೊತೆಗಾರರು 1989ರಲ್ಲಿ ಬ್ಯಾಕ್‌ಪ್ರೊಪಗೇಶನ್ ಸೇರಿಸಿ ಅಂಚೆ ಕವರಿನ ಮೇಲೆ ಕೈಯಲ್ಲಿ ಬರೆದ ಪಿನ್‌ಕೋಡಿನಂಥ ಅಂಕಿಗಳನ್ನು ಓದಿಸಿದರು. ಟೊರಾಂಟೊದ ಮೂವರು 2012ರಲ್ಲಿ ಅಲೆಕ್ಸ್‌ನೆಟ್ ಅನ್ನುವ ನೆಟ್‌ವರ್ಕಿನಿಂದ ಫೋಟೋ ಗುರುತಿಸುವ ಸ್ಪರ್ಧೆಯಲ್ಲಿ ಉಳಿದವರನ್ನೆಲ್ಲ ಬಹಳ ಹಿಂದೆ ಹಾಕಿದರು. ಈಗಿನ ಅಬ್ಬರ ಅಲ್ಲಿಂದ ಶುರು.

ಹಾಗಾದರೆ ಬೆಳೆ ರೋಗ ಗುರುತಿಸಲು ಅದನ್ನು ಕಣ್ಣು ಮುಚ್ಚಿ ನಂಬಬಹುದಾ?

ಕಣ್ಣು ತೆರೆದೇ ನಂಬಬೇಕು. ಯಾಕೆ ಅಂತ ನಮ್ಮ ತರಗತಿಯಲ್ಲೇ ನಡೆದದ್ದು ಹೇಳುತ್ತೇನೆ.

ಭತ್ತದ ಬೆಂಕಿ ರೋಗ ಗುರುತಿಸುವ ಒಂದು ಸಣ್ಣ ನೆಟ್‌ವರ್ಕ್ ಮಾಡೋಣ ಅಂತ ಮಕ್ಕಳು ಹುಮ್ಮಸ್ಸಿನಿಂದ ಹೊರಟರು. ರೋಗ ಬಂದ ಎಲೆಗಳ ಫೋಟೋವನ್ನು ಗದ್ದೆಯಲ್ಲೇ ತೆಗೆದರು. ಒಳ್ಳೆಯ ಎಲೆಗಳನ್ನು ಕಿತ್ತು ತಂದು, ಶಾಲೆಯಲ್ಲಿ ಬಿಳಿ ಹಾಳೆಯ ಮೇಲಿಟ್ಟು ತೆಗೆದರು. ತರಗತಿಯಲ್ಲಿ ಪರೀಕ್ಷೆ ಮಾಡಿದಾಗ ಒಂದೂ ತಪ್ಪಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ಮರುದಿನ ಗದ್ದೆಗೆ ಫೋನ್ ಒಯ್ದರೆ ಎಲ್ಲ ಎಲೆಗೂ ‘ರೋಗ’ ಅನ್ನತೊಡಗಿತು. ಹಚ್ಚಹಸಿರು ಎಲೆಗೂ ರೋಗ.

ಅದು ಎಲೆಯನ್ನು ನೋಡಲು ಕಲಿತೇ ಇರಲಿಲ್ಲ. ಹಿಂದೆ ಬಿಳಿ ಹಾಳೆ ಇದ್ದರೆ ಒಳ್ಳೆಯದು, ಮಣ್ಣು ಇದ್ದರೆ ರೋಗ ಅಂತ ಕಲಿತಿತ್ತು. ಗೇಜ್ ಸರಿ ಬರಲು ಆ ಸುಲಭದ ದಾರಿಯೇ ಸಾಕಿತ್ತು. ಎರಡು ವಾರ ಕೂತು ಎರಡೂ ಬಗೆಯ ಎಲೆಗಳನ್ನು ಗದ್ದೆಯಲ್ಲೇ, ಬೆಳಿಗ್ಗೆ, ಮಧ್ಯಾಹ್ನ, ಮೋಡದ ದಿನ, ಬೇರೆ ಬೇರೆ ಫೋನಲ್ಲಿ ತೆಗೆದ ಮೇಲೆ ಅದು ಸುಧಾರಿಸಿತು. ಯಾವ ಎಐ ಬಗ್ಗೆ ಯಾರು ಏನೇ ಹೇಳಲಿ, ನಾನು ಮೊದಲು ಕೇಳುವುದು ಒಂದೇ: ಅದಕ್ಕೆ ಯಾವ ಊರಿನ, ಯಾವ ಹೊಲದ, ಯಾರ ಉದಾಹರಣೆ ತೋರಿಸಿದ್ದಾರೆ?

ನನ್ನ ಮಗಳು ಎರಡು ಸಲ ತೋರಿಸಿದರೆ ಕಲಿಯುತ್ತಾಳೆ. ಅದಕ್ಕೆ ಲಕ್ಷ ಫೋಟೋ ಯಾಕೆ ಬೇಕು?

ಕವಿತಾಳದ ಒಬ್ಬ ಅವ್ವ ಕೇಳಿದ ಪ್ರಶ್ನೆ ಇದು. ನನಗೆ ಬಹಳ ಇಷ್ಟವಾದದ್ದು.

ನಿಮ್ಮ ಮಗಳು ಬರಿಗೈಯಲ್ಲಿ ಶುರು ಮಾಡಿಲ್ಲ, ಅವ್ವಾ. ಹುಟ್ಟುವ ಮೊದಲೇ ಅವಳ ಮಿದುಳಿಗೆ ಒಂದು ಆಕಾರ ಬಂದಿರುತ್ತದೆ. ಕೋಟ್ಯಂತರ ವರ್ಷ ಜೀವಗಳು ಬದುಕಿ, ಸತ್ತು, ಉಳಿದು ಬಂದ ಆಕಾರ ಅದು. ಹುಟ್ಟಿದ ಮೇಲೆ ಅವಳು ಸುಮ್ನೆ ನೋಡುವುದಿಲ್ಲ. ಹಿಡಿಯುತ್ತಾಳೆ, ಬಾಯಿಗಿಡುತ್ತಾಳೆ, ಬೀಳಿಸುತ್ತಾಳೆ, ನಿಮ್ಮ ಮುಖ ನೋಡುತ್ತಾಳೆ. ಆಡಿನ ಮರಿಯನ್ನು ಒಂದು ಸಲ ಮುಟ್ಟಿದರೆ ಅದರ ಮೆತ್ತನೆಯ ಮೈ, ವಾಸನೆ, ಒದರುವ ದನಿ, ಓಡುವ ರೀತಿ ಎಲ್ಲ ಒಟ್ಟಿಗೆ ಒಳಗೆ ಹೋಗುತ್ತದೆ. ನೆಟ್‌ವರ್ಕಿಗೆ ಸಿಗುವುದು ಚಪ್ಪಟೆ ಫೋಟೋದ ಅಂಕಿಗಳು ಮಾತ್ರ. ನಾಳೆ ಅವಳು ಚಿತ್ರದಲ್ಲಿ ಆಡು ನೋಡಿದರೂ, ಮರದ ಗೊಂಬೆಯಲ್ಲಿ ನೋಡಿದರೂ, ಬಾಗಿಲ ಸಂದಿಯಲ್ಲಿ ಬರೀ ಬಾಲ ಕಂಡರೂ ‘ಆಡು’ ಅನ್ನುತ್ತಾಳೆ.

ಅದಕ್ಕೆ ಎದುರಾಗಿ ನೆಟ್‌ವರ್ಕಿನ ಒಂದು ದೌರ್ಬಲ್ಯ ನೋಡಿ. ನಮ್ಮ ಕಣ್ಣಿಗೆ ಕಾಣದಷ್ಟು ಸಣ್ಣ ಬದಲಾವಣೆಯನ್ನು ಫೋಟೋಗೆ ಸೇರಿಸಿ ಅದನ್ನು ಪೂರ್ತಿ ದಾರಿ ತಪ್ಪಿಸಬಹುದು ಅಂತ 2013ರಲ್ಲಿ ಗೊತ್ತಾಯಿತು. ಪಾಂಡಾ ಚಿತ್ರವನ್ನು ಹೀಗೆ ಬದಲಿಸಿದಾಗ ನೆಟ್‌ವರ್ಕ್ ಅದನ್ನು ಗಿಬ್ಬನ್ ಅನ್ನುವ ವಾನರ ಅಂದಿತು, ಅದೂ ಭಾರಿ ಭರವಸೆಯಿಂದ.

ಎರಡರಲ್ಲಿ ಯಾವುದು ದೊಡ್ಡದು?

ಮನುಷ್ಯನ ಮಿದುಳಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಬ್ರೆಜಿಲಿನ ವಿಜ್ಞಾನಿಗಳು 2009ರಲ್ಲಿ ಮಿದುಳನ್ನು ಒಂದು ದ್ರವದಲ್ಲಿ ಸಮನಾಗಿ ಕದಡಿ ಎಣಿಸಿದ ಲೆಕ್ಕ ಇದು. ಬೇಳೆ ಕದಡಿ ಒಂದು ಸೌಟು ಎತ್ತಿ ಕಾಳು ಎಣಿಸಿ ಇಡೀ ಪಾತ್ರೆಯದ್ದು ಅಂದಾಜು ಮಾಡುವ ಹಾಗೆ. ಅದರಲ್ಲಿ ಬಹುಪಾಲು ತಲೆಯ ಹಿಂಬದಿಯ ಕಿರುಮಿದುಳಲ್ಲಿವೆ. ಸಿನಾಪ್ಸ್‌ಗಳ ಅಂದಾಜು 100 ಲಕ್ಷ ಕೋಟಿಯ ಆಸುಪಾಸು. ಭಾಷೆಯ ಕೆಲಸಕ್ಕೆ 2020ರಲ್ಲಿ ಬಂದ ಜಿಪಿಟಿ-3 ಅನ್ನುವ ನೆಟ್‌ವರ್ಕಲ್ಲಿ 17,500 ಕೋಟಿ ತೂಕಗಳಿದ್ದವು. ಆಮೇಲೆ ಬಂದವುಗಳಲ್ಲಿ ಕೆಲವು ಇನ್ನೂ ದೊಡ್ಡವು.

ಆದರೆ ಸಿನಾಪ್ಸ್ ಅಂದರೆ ಒಂದು ಅಂಕಿ ಅಲ್ಲ, ಹಾಗಾಗಿ ಈ ಎಣಿಕೆಯಿಂದ ಗೆದ್ದವರು ಯಾರು ಅಂತ ತೀರ್ಮಾನ ಆಗುವುದಿಲ್ಲ. ಮಣ್ಣಲ್ಲಿ ಬದುಕುವ ಸಿ. ಎಲೆಗನ್ಸ್ ಅನ್ನುವ ಒಂದು ಮಿಲಿಮೀಟರ್ ಹುಳುವಿಗೆ ಇರುವುದು 302 ನರಕೋಶ. ಅದರ ಜೋಡಣೆಯ ಪೂರ್ತಿ ನಕ್ಷೆ 1986ರಲ್ಲೇ ಬಂತು. ಅಷ್ಟರಲ್ಲೇ ಅದು ಆಹಾರ ಹುಡುಕುತ್ತದೆ, ಅಪಾಯದಿಂದ ಹಿಂದೆ ಸರಿಯುತ್ತದೆ, ಕಲಿಯುತ್ತದೆ ಕೂಡ.

ವೇಗ?

ಚಿಪ್ ಬಹಳ ಮುಂದೆ. ನರಕೋಶ ಸೆಕೆಂಡಿಗೆ ಹೆಚ್ಚೆಂದರೆ ಕೆಲವು ನೂರು ಸಲ ಮಿಡಿಯುತ್ತದೆ. ಚಿಪ್ಪಿನ ಗಡಿಯಾರ ಸೆಕೆಂಡಿಗೆ ನೂರು ಕೋಟಿಗೂ ಜಾಸ್ತಿ ಸಲ ಬಡಿಯುತ್ತದೆ. ಆದರೆ ಮಿದುಳಲ್ಲಿ ಕೋಟಿ ಕೋಟಿ ನರಕೋಶ ಒಟ್ಟಿಗೆ ಕೆಲಸ ಮಾಡುತ್ತವೆ.

ಕರೆಂಟ್ ಯಾರು ಜಾಸ್ತಿ ತಿನ್ನುತ್ತಾರೆ?

ಶಕ್ತಿನಗರದ ಕರೆಂಟ್ ಸ್ಥಾವರದ ಚಿಮಣಿಗಳನ್ನು ದಿನಾ ನೋಡುವ ನಮಗೆ ಈ ಪ್ರಶ್ನೆ ಹತ್ತಿರದ್ದು. ಮಿದುಳಿಗೆ ಬೇಕಾದದ್ದು ಸುಮಾರು 20 ವ್ಯಾಟ್. ಎರಡು ಎಲ್‌ಇಡಿ ಬಲ್ಬಿನಷ್ಟು. ಒಂದು ಯೂನಿಟ್ ಕರೆಂಟಿನಷ್ಟು ಶಕ್ತಿಯಲ್ಲಿ ಮಿದುಳು 50 ತಾಸು ನಡೆಯುತ್ತದೆ. ಅದು ಬರುವುದು ರೊಟ್ಟಿ, ಅನ್ನದಿಂದ. ದೇಹದ ತೂಕದಲ್ಲಿ ಮಿದುಳಿನ ಪಾಲು ಎರಡು ಪರ್ಸೆಂಟ್, ಆದರೆ ಸುಮ್ನೆ ಕೂತಾಗಲೂ ದೇಹದ ಶಕ್ತಿಯಲ್ಲಿ ಐದರಲ್ಲಿ ಒಂದು ಪಾಲು ಅದಕ್ಕೇ ಹೋಗುತ್ತದೆ.

ಎನ್ವಿಡಿಯಾ ಕಂಪನಿಯ ಎಚ್100 ಅನ್ನುವ ಎಐ ಚಿಪ್ ಒಂದಕ್ಕೇ 700 ವ್ಯಾಟ್‌ವರೆಗೆ ಬೇಕು. ದೊಡ್ಡ ನೆಟ್‌ವರ್ಕ್ ಕಲಿಸಲು ಅಂಥ ಸಾವಿರಾರು ಚಿಪ್ಪುಗಳನ್ನು ವಾರಗಟ್ಟಲೆ ಓಡಿಸುತ್ತಾರೆ. ಅವು ಬಿಸಿಯಾಗುವುದರಿಂದ ತಂಪು ಮಾಡಲು ಮತ್ತೆ ಕರೆಂಟು, ನೀರು. ನಮ್ಮ ರಾಯಚೂರಿನ ಮೇ ತಿಂಗಳಲ್ಲಿ ಬರೀ ಒಂದು ಫ್ಯಾನಿನ ಕೆಳಗೆ ಕೂತು ಪರೀಕ್ಷೆಗೆ ಓದುವ ಮಗುವಿನ ಮಿದುಳು ನಿಜಕ್ಕೂ ಅದ್ಭುತ. ಇದನ್ನು ನಾನು ಮಕ್ಕಳಿಗೆ ಪ್ರತಿ ವರ್ಷ ಹೇಳುತ್ತೇನೆ.

ಚಾಟ್‌ಬಾಟ್ ಮಾತಾಡುತ್ತದಲ್ಲ, ಅದಕ್ಕೆ ಅರ್ಥ ಆಗುತ್ತದಾ? ಸುಳ್ಳು ಯಾಕೆ ಹೇಳುತ್ತದೆ?

ಅದು ಮೊದಲು ಕಲಿತದ್ದು ಒಂದೇ ಕೆಲಸ: ಇಲ್ಲಿಯವರೆಗಿನ ಮಾತು ನೋಡಿ ಮುಂದಿನ ತುಣುಕು ಯಾವುದು ಬರಬಹುದು ಅಂತ ಊಹಿಸುವುದು. ಕೋಟ್ಯಂತರ ಪುಟ ಓದಿಸಿ, ಪ್ರತಿ ಊಹೆ ತಪ್ಪಿದಾಗಲೂ ತೂಬು ತಿದ್ದಿದ್ದಾರೆ. ಆಮೇಲೆ ಜನ ಕೂತು ಒಳ್ಳೆಯ ಉತ್ತರ ಯಾವುದು ಅಂತ ತೋರಿಸಿ ಇನ್ನಷ್ಟು ತಿದ್ದುತ್ತಾರೆ. ಊಹೆ ಚೆನ್ನಾಗಿ ಆಗಬೇಕಾದರೆ ವ್ಯಾಕರಣ, ಲೆಕ್ಕ, ಲೋಕದ ವಿಷಯ ಎಷ್ಟೋ ಒಳಗೆ ಕೂರಲೇಬೇಕು. ಆದ್ದರಿಂದ ಅದನ್ನು ಬರೀ ಗಿಳಿಪಾಠ ಅನ್ನುವುದು ಸರಿಯಲ್ಲ. ಆದರೆ ಅದು ಹುಡುಕುವುದು ಹೊಂದುವ ಮಾತನ್ನು. ನಿಜವಾದ ಮಾತು ಮತ್ತು ಹೊಂದುವ ಮಾತು ಬೇರೆಯಾದ ಕಡೆ ಅದು ಭರವಸೆಯಿಂದಲೇ ತಪ್ಪು ಹೇಳುತ್ತದೆ. ಔಷಧಿ ಪ್ರಮಾಣ, ಸಾಲದ ಕಾಗದ, ಬೀಜೋಪಚಾರ ಇಂಥದ್ದನ್ನೆಲ್ಲ ತಿಳಿದವರ ಹತ್ತಿರ ಮತ್ತೊಮ್ಮೆ ಕೇಳಿ.

ನಮ್ಮ ಮಾತಿನ ಕಷ್ಟ ಇನ್ನೊಂದು. ನಮ್ಮ ಅವ್ವ ಫೋನಿಗೆ ‘ಮಳಿ ಬರಾಕತ್ತೈತಿ, ಭತ್ತ ಮುಚ್ಚ್ರಿ’ ಅಂದಳು. ಫೋನ್ ಬರೆದದ್ದರಲ್ಲಿ ಮಳೆಯೂ ಇರಲಿಲ್ಲ, ಭತ್ತವೂ ಇರಲಿಲ್ಲ. ‘ನನ್ನ ಮಾತು ಸರಿಯಿಲ್ಲೇನು?’ ಅಂತ ಕೇಳಿದಳು. ಅವಳ ಮಾತು ಸರಿಯಾಗೇ ಇದೆ. ಇಂಟರ್ನೆಟ್ಟಲ್ಲಿ ಕನ್ನಡವೇ ಕಡಿಮೆ, ಇರುವ ಕನ್ನಡದಲ್ಲಿ ಪುಸ್ತಕದ ಭಾಷೆಯೇ ಜಾಸ್ತಿ. ರಾಯಚೂರಿನ ಅವ್ವಂದಿರ ದನಿ ಅದಕ್ಕೆ ಯಾರೂ ಸಾಕಷ್ಟು ಕೇಳಿಸಿಲ್ಲ.

ಮಿದುಳಿನ ಹಾಗೆ ಅದಕ್ಕೂ ಮರೆವು ಇದೆಯಾ?

ಇದೆ, ಬೇರೆ ಥರ. ಹಳೆಯ ಪಾಠವನ್ನು ಮತ್ತೆ ತೋರಿಸದೆ ಬರೀ ಹೊಸ ಪಾಠ ಕಲಿಸಿದರೆ ಅದೇ ತೂಬುಗಳನ್ನು ಹೊಸದಕ್ಕೆ ತಿರುಗಿಸಿಬಿಡುತ್ತದೆ. ಹಳೆಯದು ಕೊಚ್ಚಿ ಹೋಗುತ್ತದೆ. ಸೈಕಲ್ ಕಲಿತ ಮಾತ್ರಕ್ಕೆ ನಾವು ಈಜು ಮರೆಯುವುದಿಲ್ಲ. ನಮ್ಮ ಮಿದುಳು ಹೊಸದನ್ನು ಮೊದಲು ಹಿಪ್ಪೊಕ್ಯಾಂಪಸ್ ಅನ್ನುವ ಭಾಗದ ಸಹಾಯದಿಂದ ಹಿಡಿದಿಟ್ಟು, ನಿದ್ದೆಯಲ್ಲಿ ನಿಧಾನವಾಗಿ ಹಳೆಯದರ ಜೊತೆ ಹೊಂದಿಸುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿ ಮಲಗಿ ಅಂತ ನಾನು ಹೇಳುವುದು ಇದಕ್ಕೇ.

ಒಂದಷ್ಟು ನರಕೋಶ ಸತ್ತರೆ?

ತುಂಗಭದ್ರಾ ಡ್ಯಾಂನ 33 ಗೇಟುಗಳಲ್ಲಿ ಒಂದೇ ಒಂದು, 19ನೆಯದು, 2024ರ ಆಗಸ್ಟಿನಲ್ಲಿ ಕಿತ್ತು ಹೋದಾಗ ನಾಲ್ಕಾರು ಜಿಲ್ಲೆಯ ಜನ ನಿದ್ದೆ ಬಿಟ್ಟರು. ಮಿದುಳೂ ನೆಟ್‌ವರ್ಕೂ ಈ ವಿಷಯದಲ್ಲಿ ಡ್ಯಾಂ ಥರ ಅಲ್ಲ. ತಿಳಿವಳಿಕೆ ಒಂದೇ ಕಡೆ ಇರುವುದಿಲ್ಲ, ಹರಡಿಕೊಂಡಿರುತ್ತದೆ. ನೆಟ್‌ವರ್ಕಿನ ಎಷ್ಟೋ ತೂಕಗಳನ್ನು ಎಚ್ಚರದಿಂದ ಅಳಿಸಿದರೂ ಅದು ಸುಮಾರಾಗಿ ಅದೇ ಕೆಲಸ ಮಾಡುತ್ತದೆ. ಮಿದುಳು ಇನ್ನೂ ಮುಂದೆ. ಪಾರ್ಶ್ವವಾಯು ಆದವರು ದಿನಾ ಕೈಕಾಲಿಗೆ ಕೆಲಸ ಕೊಟ್ಟರೆ, ಉಳಿದ ಭಾಗಗಳು ಹೊಸ ಜೋಡಣೆ ಮಾಡಿಕೊಂಡು ಕಳೆದದ್ದರಲ್ಲಿ ಒಂದಷ್ಟನ್ನು ಮತ್ತೆ ಕಲಿಯುತ್ತವೆ. ಮನೆಯಲ್ಲಿ ಅಂಥ ಹಿರಿಯರಿದ್ದರೆ ವ್ಯಾಯಾಮ ನಿಲ್ಲಿಸಬೇಡಿ.

ಡಾಕ್ಟರ ಕೆಲಸ ಮಾಡುತ್ತದಾ?

ಒಂದೊಂದು ಕೆಲಸ ಬಹಳ ಚೆನ್ನಾಗಿ. ಸಕ್ಕರೆ ಕಾಯಿಲೆಯಿಂದ ಕಣ್ಣಿನ ಪರದೆ ಕೆಡುವುದನ್ನು ಗುರುತಿಸಲು ಗೂಗಲ್‌ನವರು 1,28,175 ಚಿತ್ರಗಳಿಂದ ಒಂದು ನೆಟ್‌ವರ್ಕ್ ಕಲಿಸಿ 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ಅದು ಕಣ್ಣಿನ ಡಾಕ್ಟರುಗಳಿಗೆ ಹತ್ತಿರದ ಮಟ್ಟ ಮುಟ್ಟಿತ್ತು. ಚಿತ್ರಗಳಲ್ಲಿ ಒಂದಷ್ಟು ಬಂದದ್ದು ನಮ್ಮ ದೇಶದ ಆಸ್ಪತ್ರೆಗಳಿಂದ, ಮದುರೈಯ ಅರವಿಂದ, ಬೆಂಗಳೂರಿನ ನಾರಾಯಣ ನೇತ್ರಾಲಯದಂಥ ಕಡೆಯಿಂದ. ಆ ಚಿತ್ರಗಳಿಗೆ ‘ಇದು ಇಷ್ಟು ಕೆಟ್ಟಿದೆ’ ಅಂತ ಗುರುತು ಹಾಕಿಕೊಟ್ಟವರು ಮನುಷ್ಯ ಡಾಕ್ಟರುಗಳೇ. ಅಷ್ಟಾದರೂ ಅದಕ್ಕೆ ಗೊತ್ತಿರುವುದು ಆ ಒಂದು ಚಿತ್ರ. ನಿಮ್ಮ ಸಕ್ಕರೆ ಯಾಕೆ ಏರಿತು, ಮಾತ್ರೆ ಯಾಕೆ ಬಿಟ್ಟಿರಿ ಅಂತ ಅದು ಕೇಳುವುದಿಲ್ಲ.

ಅದಕ್ಕೆ ನೋವು, ಆಸೆ ಇದೆಯಾ?

ಇದೆ ಅನ್ನಲು ಆಧಾರ ಇಲ್ಲ. ‘ನನಗೆ ಬೇಜಾರಾಗಿದೆ’ ಅಂತ ಅದು ಬರೆದರೆ, ಮನುಷ್ಯರು ಹಾಗೆ ಬರೆದ ಸಾವಿರಾರು ವಾಕ್ಯಗಳನ್ನು ಓದಿ ಬರೆದದ್ದು. ಅದಕ್ಕೆ ಹಸಿವಿಲ್ಲ, ಕಾಪಾಡಿಕೊಳ್ಳಬೇಕಾದ ದೇಹವಿಲ್ಲ.

ಮಕ್ಕಳು ಕಂಪ್ಯೂಟರ್ ಇಲ್ಲದೆ ಇದನ್ನು ಮಾಡಿ ನೋಡಬಹುದಾ?

ಖಂಡಿತ. ಒಂದು ನೋಟ್‌ಬುಕ್, ಒಂದು ಪೆನ್ಸಿಲ್ ಸಾಕು. ಮುಂಗಾರಿನ ದಿನಗಳಲ್ಲಿ ಶುರು ಮಾಡಿ.

ದಿನಾ ಮಧ್ಯಾಹ್ನ ಮೂರು ವಿಷಯ ನೋಡಿ: ಕರಿ ಮೋಡ ಇದೆಯಾ, ಜೋರು ಗಾಳಿ ಇದೆಯಾ, ಇರುವೆಗಳು ಮೊಟ್ಟೆ ಹೊತ್ತು ಸಾಗುತ್ತಿವೆಯಾ. ಇದ್ದರೆ 1, ಇಲ್ಲದಿದ್ದರೆ 0. ಮೂರಕ್ಕೂ ಶುರುವಿನಲ್ಲಿ ತೂಕ 0. ಇರುವ ಗುಣಗಳ ತೂಕ ಕೂಡಿಸಿ. ಮೊತ್ತ 0ಗಿಂತ ಜಾಸ್ತಿ ಇದ್ದರೆ ‘ಸಂಜೆ ಮಳೆ’ ಅಂತ ಬರೆಯಿರಿ, ಇಲ್ಲದಿದ್ದರೆ ‘ಮಳೆ ಇಲ್ಲ’. ಊಹೆ ಸರಿಯಾದರೆ ಏನೂ ಮುಟ್ಟಬೇಡಿ. ಮಳೆ ಇಲ್ಲ ಅಂದಾಗ ಮಳೆ ಬಂದರೆ, ಆ ದಿನ ಇದ್ದ ಗುಣಗಳ ತೂಕಕ್ಕೆ ಒಂದೊಂದು ಕೂಡಿಸಿ. ಮಳೆ ಅಂದಾಗ ಬರದಿದ್ದರೆ ಒಂದೊಂದು ಕಳೆಯಿರಿ.

ಮೊದಲ ದಿನ ಮೋಡ ಇದೆ, ಇರುವೆ ಇವೆ. ಮೊತ್ತ 0, ‘ಮಳೆ ಇಲ್ಲ’ ಅಂದಿರಿ, ಮಳೆ ಬಂತು. ಮೋಡ 1, ಇರುವೆ 1 ಆಯಿತು. ಎರಡನೆಯ ದಿನ ಮೋಡ, ಗಾಳಿ. ಮೊತ್ತ 1, ‘ಮಳೆ’ ಅಂದಿರಿ, ಗಾಳಿ ಮೋಡವನ್ನು ಹೊಡೆದುಕೊಂಡು ಹೋಯಿತು. ಮೋಡ 0, ಗಾಳಿ ಮೈನಸ್ 1. ಮೂರನೆಯ ದಿನ ಬರೀ ಮೋಡ. ಮೊತ್ತ 0, ‘ಮಳೆ ಇಲ್ಲ’ ಅಂದಿರಿ, ಬಂತು. ಮೋಡ ಮತ್ತೆ 1. ನಾಲ್ಕನೆಯ ದಿನ ಮತ್ತೆ ಮೋಡ, ಗಾಳಿ. 1ಕ್ಕೆ ಮೈನಸ್ 1 ಕೂಡಿಸಿದರೆ 0. ‘ಮಳೆ ಇಲ್ಲ’ ಅಂದಿರಿ, ಬರಲಿಲ್ಲ. ಎರಡನೆಯ ದಿನ ಮಾಡಿದ ತಪ್ಪನ್ನು ನೋಟ್‌ಬುಕ್ ಮತ್ತೆ ಮಾಡಲಿಲ್ಲ. ಪುಟ್ಟ ಮೋಟರ್‌ಗಳ ಬದಲು ನಿಮ್ಮ ಪೆನ್ಸಿಲ್ ಇದೆ, ಅಷ್ಟೇ. ಇದು ರೋಸೆನ್‌ಬ್ಲಾಟ್ ಅವರ ಪರ್ಸೆಪ್ಟ್ರಾನೇ.

ತಿಂಗಳಾದ ಮೇಲೆ ಮೂರು ತೂಕಗಳನ್ನೂ ಕೊನೆಯ ಪುಟದಲ್ಲಿ ಬರೆದಿಡಿ. ಹೋದ ವರ್ಷ ನಮ್ಮ ತರಗತಿಯಲ್ಲಿ ಮೋಡಕ್ಕೆ 2, ಗಾಳಿಗೆ ಮೈನಸ್ 2, ಇರುವೆಗೆ 1 ಬಂದಿತ್ತು. ಈ ವರ್ಷ ಮಕ್ಕಳು ನಾಲ್ಕನೆಯ ಸಾಲು ಎಳೆದಿದ್ದಾರೆ: ‘ಅಜ್ಜಿಯ ಮೊಣಕಾಲು ನೋಯುತ್ತಿದೆಯಾ?’